ಸೂರ್ಯನ ಬಿಡುವು

ಜೂನ್ 9, ಸೋಮವಾರ

ಎರಡೂ ಕಡೆ ಬೇಯಿಸಬೇಕೆಂದಳೋ, ಒಂದೇ ಕಡೆ ಸಾಕೆಂದಳೋ. ಕಾರಿನ ಗಾಜು ಏರಿಸುತ್ತಾ ವರ್ನಾ ಮೊಟ್ಟೆಯ ಬಗ್ಗೆ ಏನೋ ಹೇಳಿದಳು. ನಾನು ಹೂಂ ಎಂದೆ. ಈಗ ಬಾಣಲೆಯ ಮುಂದೆ ನಿಂತರೆ ಅವಳ ತುಟಿ ಆಡಿದ್ದು ನೆನಪಿದೆ, ಮಾತು ನೆನಪಿಲ್ಲ. ಟೊಲೀಡೊದಲ್ಲಿ ಅವಳ ಅಕ್ಕ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಆಕೆ ಎದ್ದು ಓಡಾಡುವವರೆಗೆ ನನ್ನ ಹೆಂಡತಿ ಅಲ್ಲೇ. ಶಾಲೆಗೆ ರಜೆ. ಮನೆಯಲ್ಲಿರುವುದು ನಾನು, ಮತ್ತು ಮಹಡಿಯ ಕೋಣೆಯಲ್ಲಿ, ಅವಳು ಹೋದ ಮೇಲೆ ಬಂದ ಒಬ್ಬ ಬೇಸ್‌ಬಾಲ್ ಆಟಗಾರ.

ಬೇಸಿಗೆ ಬಂತೆಂದರೆ ಈ ಊರಿನ ಕೆಲವು ಮನೆಗಳು ಗಾಜು ಊದುವವರ ಹೆಸರು ಹೊತ್ತ ಬ್ಲೋವರ್ಸ್ ತಂಡದ ಒಬ್ಬೊಬ್ಬ ಆಟಗಾರನನ್ನು ಇಟ್ಟುಕೊಳ್ಳುತ್ತವೆ. ಕ್ಲಬ್ಬಿನ ಸಂಬಳದಲ್ಲಿ ಅವರಿಗೆ ಬಾಡಿಗೆ ಕೋಣೆ ಹುಟ್ಟುವುದಿಲ್ಲ. ಚಳಿಗಾಲದಲ್ಲೇ ವರ್ನಾ ನಮ್ಮ ಹೆಸರು ಕೊಟ್ಟಿದ್ದಳು. ಅದು ಆಗುವ ಹೋಗುವ ಮಾತಲ್ಲವೆಂದು ನಾನು ಸುಮ್ಮನಿದ್ದೆ. ಆ ತಂಡದ ಪಂದ್ಯಗಳಿಗೆ ಅಧಿಕೃತ ಸ್ಕೋರರ್ ನಾನು. ಸ್ಕೋರರ್ ಮನೆಯಲ್ಲಿ ಆಟಗಾರ ಉಣ್ಣುವುದು ಸರಿಯಲ್ಲ. ಕ್ಲಬ್ಬಿನ ಕಚೇರಿ ನಡೆಸುವ ಡಾಟ್ ಪ್ರೂಯಿಟ್‌ಗೆ ಅದನ್ನೇ ಹೇಳಿದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ರೇಖಾಗಣಿತದಲ್ಲಿ ಎರಡು ಸಲ ಫೇಲಾದವಳು.

“ಮೇಷ್ಟ್ರೇ, ಊರಲ್ಲಿ ಖಾಲಿ ಮಂಚ ಇರೋದು ನಿಮ್ಮನೇಲಿ. ಪಕ್ಷಪಾತ ಇಲ್ದೆ ಸ್ಕೋರ್ ಬರೆಯೋರೂ ನೀವೇ. ಎರಡರಲ್ಲಿ ಯಾವ್ದಕ್ಕೆ ಬೇರೆಯೋರನ್ನ ಹುಡುಕ್ಲಿ?”

“ಜನ ಏನಂತಾರೆ?”

“ಯಾವ ಜನ? ಸ್ಟೇಡಿಯಂಗೆ ಬರ್ತಾ ಇದ್ದಿದ್ರೆ ತಂಡ ಯಾಕೆ ಮಾರ್ತಿದ್ರು?”

ಹೌದು, ಇದು ಕೊನೆಯ ಬೇಸಿಗೆ. ಮಾಲೀಕರು ಬ್ಲೋವರ್ಸನ್ನು ಕೆರೊಲೈನಾದ ಯಾವುದೋ ಊರಿಗೆ ಕೊಟ್ಟುಬಿಟ್ಟಿದ್ದಾರೆ. ಕೊನೆಯ ಪಂದ್ಯದ ದಿನ ಹಂಚಲು ತಂಡದ ಚರಿತ್ರೆ ಬರೆದುಕೊಡಿ ಎಂದೂ ಡಾಟ್ ನನ್ನ ತಲೆಗೆ ಕಟ್ಟಿದ್ದಾಳೆ. “ಚಿಕ್ಕದಾಗಿರ್ಲಿ ಮೇಷ್ಟ್ರೇ. ಹಾಟ್ ಡಾಗ್ ತಿನ್ತಾ ಓದಿ ಮುಗಿಸೋ ಹಾಗೆ.”

ಆಟಗಾರನ ಹೆಸರು ಗ್ಯಾರೆಟ್ ಪೈಕ್. ನೆಬ್ರಾಸ್ಕಾದವನು, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಇಪ್ಪತ್ತಾರಂತೆ, ಮೇಲಿನ ತಂಡಗಳಿಗೆ ಹುಡುಗರನ್ನು ತಯಾರು ಮಾಡುವ ಈ ಲೀಗಿನಲ್ಲಿ ಅದು ಮುದಿ ವಯಸ್ಸು. ಮೊದಲ ದಿನವೇ ನಿಯಮ ಹೇಳಿಬಿಟ್ಟೆ: ಈ ಮನೆಯೊಳಗೆ ಆಟದ ಮಾತಿಲ್ಲ.

“ಆಗ್ಲಿ ಸಾರ್,” ಎಂದ. “ಆಟ ಬಿಟ್ರೆ ನಂಗೆ ಬೇರೇನೂ ಗೊತ್ತಿಲ್ಲ, ಅಷ್ಟೇ.”

ಮೊಟ್ಟೆ ತಿಂದು ತಟ್ಟೆ ತೊಳೆದಿಟ್ಟ. ಎರಡೂ ಕಡೆ ಬೇಯಿಸಿದ್ದೆ.

ಜೂನ್ 14, ಶನಿವಾರ

ಬಾಗಿಲಲ್ಲಿ ಅವನ ಬೂಟು. ವಾಶ್‌ಬೇಸಿನ್‌ನಲ್ಲಿ ಅವನ ಗಡ್ಡದ ಚೂರು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಏನೋ ಗುನುಗುತ್ತಾನೆ, ಒಂದೇ ಸಾಲು, ಮುಂದಕ್ಕೆ ಹೋಗುವುದೇ ಇಲ್ಲ. ವರ್ನಾಗೆ ಫೋನಿನಲ್ಲಿ ದೂರಿದೆ. “ಮುಂದಿನ ಸಾಲು ಅವನಿಗೆ ಗೊತ್ತಿಲ್ವೇನೋ, ಹೇಳ್ಕೊಡು,” ಎಂದು ನಕ್ಕಳು.

ಜೂನ್ 19, ಗುರುವಾರ

ಚರಿತ್ರೆಯ ಮೊದಲ ಪುಟ ಬರೆದೆ. ಎಲ್ಲರೂ ನಗುವ ಸಂಗತಿಯಿಂದಲೇ ಶುರು ಮಾಡಿದ್ದೇನೆ: ನಮ್ಮ ಮೈದಾನ ತಪ್ಪು ದಿಕ್ಕಿಗೆ ಮುಖ ಮಾಡಿದೆ. ಬೇರೆ ಊರುಗಳಲ್ಲಿ ಸಂಜೆಯ ಸೂರ್ಯ ಬ್ಯಾಟರ್‌ನ ಕಣ್ಣಿಗೆ ಬೀಳದಂತೆ ಮೈದಾನ ಹಾಕುತ್ತಾರೆ. ಇಲ್ಲಿ ಬ್ಯಾಟರ್ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ನಡುಬೇಸಿಗೆಯಲ್ಲಿ ಸೂರ್ಯ ಸರಿಯಾಗಿ, ಬ್ಯಾಟರ್ ಹೊಡೆದು ಓಡಬೇಕಾದ ಬಲಗಡೆಯ ಮೊದಲ ಬೇಸ್‌ನ ಮೇಲೆ ಬಂದು ಕೂರುತ್ತಾನೆ. ಗಾಜಿನ ಕಾರ್ಖಾನೆಯ ಚಿಮಣಿಯ ತುದಿಯನ್ನು ಅವನು ಮುಟ್ಟಿದಾಗ ಅಂಪೈರ್ ಎರಡೂ ಕೈ ಎತ್ತುತ್ತಾನೆ, ಆಟ ನಿಲ್ಲುತ್ತದೆ. ಆಟಗಾರರು ನೆರಳಿಗೆ ಹೋಗುತ್ತಾರೆ. ಜನ ಬಿಯರ್ ತರಲು ಏಳುತ್ತಾರೆ. ಹಳೆಯ ಕಾರ್ಮಿಕರು ಒಂದು ಕಾಲದಲ್ಲಿ ಕುಲುಮೆಯ ಬಾಯಿ ನೋಡಲು ಬಳಸುತ್ತಿದ್ದ ನೀಲಿ ಗಾಜನ್ನು ಜೇಬಿನಿಂದ ತೆಗೆದು ಸೂರ್ಯನನ್ನು ನೋಡುತ್ತಾರೆ. ಇದಕ್ಕೆ ಊರಿನಲ್ಲಿ ಸೂರ್ಯನ ಬಿಡುವು ಎಂದು ಹೆಸರು.

ಯಾಕೆ ಹೀಗೆ? ಕಟ್ಟಿದವರು ಕುಡಿದಿದ್ದರು ಎಂಬುದು ಎಲ್ಲರೂ ಹೇಳುವ ಕತೆ. ಹಾಗೇನಲ್ಲ. ತಂಡ ಕಟ್ಟಿದವರು ರಾತ್ರಿ ಪಾಳಿಯವರು. ಬೆಳಿಗ್ಗೆ ಕುಲುಮೆ ಬಿಟ್ಟು ಬಂದವರು, ಮಲಗುವ ಮೊದಲು ಆಡುತ್ತಿದ್ದರು. ಬೆಳಗಿನ ಹೊತ್ತು ಸೂರ್ಯ ಬ್ಯಾಟರ್‌ನ ಬೆನ್ನಿಗಿರುತ್ತಾನೆ. ಅವರ ಮಟ್ಟಿಗೆ ಮೈದಾನ ಸರಿಯಾಗಿಯೇ ಇತ್ತು. ಯುದ್ಧ ಮುಗಿದ ಮೇಲೆ ದೀಪದ ಕಂಬಗಳು ಬಂದವು, ಪಂದ್ಯ ಸಂಜೆಗೆ ಹೋಯಿತು, ಮೈದಾನವನ್ನು ಯಾರೂ ತಿರುಗಿಸಲಿಲ್ಲ.

ಓದಿ ನೋಡಿದೆ. ತೀರಾ ಪಾಠದ ಹಾಗಿದೆ.

ಜೂನ್ 28, ಶನಿವಾರ

ಪೈಕ್ ಇಂದು ಚೆನ್ನಾಗಿ ಎಸೆದ. ಒಂಬತ್ತರಲ್ಲಿ ಐದನೆಯ ಇನ್ನಿಂಗ್ಸ್‌ನಲ್ಲಿ ಮೂರನೇ ಬೇಸ್ ಕಾಯುವವನ ಕೈಗೆ ಬಂದ ಚೆಂಡು ಜಾರಿತು. ನಾನು ಹಿಟ್ ಎಂದು ಬೆರಳೆತ್ತಿದೆ. ಸ್ಕೋರ್‌ಬೋರ್ಡಿನಲ್ಲಿ H ದೀಪ ಹತ್ತಿತು. ಅದರಿಂದ ಒಂದು ರನ್ನು ಬಂತು.

ನನ್ನ ಕೆಲಸ ಇಷ್ಟೇ. ಹಿಡಿಯಬಹುದಾಗಿದ್ದ ಚೆಂಡನ್ನು ಫೀಲ್ಡರ್ ಬಿಟ್ಟರೆ ಎರರ್. ತಪ್ಪು ಅವನದು, ಆ ರನ್ನು ಪಿಚರ್‌ನ ಲೆಕ್ಕಕ್ಕೆ ಹೋಗುವುದಿಲ್ಲ. ಯಾರೂ ಹಿಡಿಯಲಾಗದ ಚೆಂಡಾದರೆ ಹಿಟ್. ರನ್ನೆಲ್ಲ ಪಿಚರ್‌ನ ತಲೆಗೆ. ಯಾವುದು ಯಾವುದೆಂದು ಹೇಳುವುದು ಆಟಗಾರರಲ್ಲ, ಅಂಪೈರ್ ಅಲ್ಲ, ಬ್ಯಾಟರ್‌ನ ಬೆನ್ನ ಹಿಂದೆ, ಮೇಲೆ ಗೂಡಿನಲ್ಲಿ ಕೂತ ನಾನು.

ನನ್ನ ಪಕ್ಕದ ಕುರ್ಚಿಯಲ್ಲಿ, ರೇಡಿಯೊಗೆ ಪಂದ್ಯದ ವಿವರಣೆ ಹೇಳುವ ಕ್ಲೀಟಸ್ ಕೂರುತ್ತಾನೆ. ನನ್ನ ಮನೆತನದ ಹೆಸರನ್ನು ಮೊಟಕು ಮಾಡಿ ಥ್ಯಾಚ್ ಎನ್ನುತ್ತಾನೆ. ಜಾಹೀರಾತಿನ ನಡುವೆ ಮೈಕಿಗೆ ಕೈ ಅಡ್ಡ ಇಟ್ಟು, “ಯಾಕೆ ಥ್ಯಾಚ್, ನಿನ್ ಟವೆಲ್ ಒದ್ದೆ ಮಾಡಿಟ್ನಾ ಅವ್ನು?” ಎಂದ.

“ಕಷ್ಟದ ಚೆಂಡು ಅದು.”

“ನಮ್ಮಜ್ಜಿ ಹಿಡೀತಿದ್ಲು. ಅವಳು ಸತ್ತು ಎಷ್ಟೋ ವರ್ಷ ಆಯ್ತು.”

ರಾತ್ರಿ ಊಟಕ್ಕೆ ಬಂದ ಪೈಕ್ ಎಂದಿನಂತೆ ತಟ್ಟೆ ತೊಳೆದಿಟ್ಟ. ನಿಯಮ ಮುರಿಯಲಿಲ್ಲ. ವರ್ನಾ ರೇಡಿಯೊದಲ್ಲಿ ಕೇಳಿಲ್ಲ, ಆದರೂ ಹೇಗೋ ಅವಳಿಗೆ ಗೊತ್ತಾಗಿದೆ. ಡಾಟ್ ಹೇಳಿರಬೇಕು. ಫೋನಿನಲ್ಲಿ ಅಂದಳು:

“ವಾರೆನ್, ಅವನು ನಿನಗೆ ಇಷ್ಟ ಆಗಿದಾನೆ, ಅದಕ್ಕೇ ಅವನ ಮೇಲೆ ಬಿಗಿ ಮಾಡ್ತಿದೀಯ.”

ಇದು ವರ್ನಾಳ ಹಳೆಯ ಚಾಳಿ. ಎಲ್ಲದಕ್ಕೂ ಒಳಗೊಂದು ಕಾರಣ ಹುಡುಕುತ್ತಾಳೆ. ಕಷ್ಟದ ಚೆಂಡು ಕಷ್ಟದ ಚೆಂಡೇ.

ಜುಲೈ 6, ಭಾನುವಾರ

ಪಂದ್ಯವಿಲ್ಲ. ಹಿಂಬಾಗಿಲ ಸೊಳ್ಳೆಪರದೆಯ ಚೌಕಟ್ಟು ಎರಡು ವರ್ಷದಿಂದ ನೇತಾಡುತ್ತಿತ್ತು. ಪೈಕ್ ಅದನ್ನು ಬಿಚ್ಚಿ ಅಂಗಳದಲ್ಲಿ ಹಾಸಿಕೊಂಡ. ನಾನು ಮೊಳೆ ಹಿಡಿದು ನಿಂತೆ. ಅವನು ಬಲಗೈಯಿಂದ ಸುತ್ತಿಗೆ ಹೊಡೆಯುತ್ತಾನೆ. ಎಡಗೈಯನ್ನು ಎಸೆಯಲು ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲವಂತೆ. ಚಮಚೆ ಕೂಡ ಬಲಗೈಯಲ್ಲೇ ಹಿಡಿಯುತ್ತಾನೆಂದು ಆಗ ಗಮನಕ್ಕೆ ಬಂತು.

“ನಮ್ಮಾವಂದು ಧಾನ್ಯದ ಕಣಜ ಇದೆ ಸಾರ್. ದೊಡ್ದು, ರೈಲು ಹಳಿ ಪಕ್ಕ. ಈ ಬೇಸಿಗೆ ಮೇಲಿನ ತಂಡಕ್ಕೆ ಕರೀದಿದ್ರೆ ಅಲ್ಲಿಗೆ ಕೆಲಸಕ್ಕೆ ಬರ್ತೀನಂತ ಹೆಂಡ್ತಿಗೆ ಮಾತು ಕೊಟ್ಟಿದೀನಿ.”

“ಕರೆದರೆ?”

“ಕರೆದ್ರೆ ಇನ್ನೊಂದು ವರ್ಷ ಕಾಯ್ತಾಳೆ. ಮಗಳು ನನ್ನನ್ನ ‘ಫೋನಲ್ಲಿರೋ ಮನುಷ್ಯ’ ಅಂತ ಕರೀತಾಳೆ. ಅಪ್ಪ ಅನ್ನಲ್ಲ.” ನಕ್ಕ. “ಇದು ಆಟದ ಮಾತಾಯ್ತೇನೋ. ಕ್ಷಮಿಸಿ.”

ಆಟದ ಮಾತಲ್ಲವೆಂದೆ.

ಪೇಟೆಯಲ್ಲಿ ಪೀಚ್ ಬಂದಿತ್ತು, ಒಂದು ಬುಟ್ಟಿ ತಂದೆ. ಒಬ್ಬನಿಗೆ ಬುಟ್ಟಿ ಹೆಚ್ಚು, ಆದರೆ ಬಿಡಿಯಾಗಿ ಕೊಡುವುದಿಲ್ಲ ಎಂದಳು ಅಂಗಡಿಯವಳು. ನಾನು ಬಿಡಿ ಹಣ್ಣು ಕೇಳಿರಲೇ ಇಲ್ಲವೇನೋ.

ಜುಲೈ 15, ಮಂಗಳವಾರ

ಚರಿತ್ರೆಯ ಬಗ್ಗೆ ಮಾತಾಡಲು ಡಾಟ್ ಕಚೇರಿಗೆ ಹೋಗಿದ್ದೆ. ಅವಳು ಟಿಕೆಟ್ ಕಂತೆಗೆ ರಬ್ಬರ್ ಹಾಕುತ್ತಾ, ನಾನು ಕೇಳದೆಯೇ ಹೇಳಿದಳು. ಮೇಲಿನ ತಂಡದ ಎಡಗೈ ಪಿಚರ್ ಒಬ್ಬ ಮೊಣಕೈ ನೋವು ವಾಸಿಮಾಡಿಕೊಳ್ಳಲು ತಿಂಗಳ ಕೊನೆಗೆ ಇಲ್ಲಿಗೆ ಬರುತ್ತಾನೆ. ಅವನಿಗೆ ಜಾಗ ಬೇಕು. ಇಲ್ಲಿರುವ ಇಬ್ಬರು ಎಡಗೈಯವರಲ್ಲಿ ಒಬ್ಬ ಮನೆಗೆ. ಒಬ್ಬ ಪೈಕ್. ಇನ್ನೊಬ್ಬ ಹತ್ತೊಂಬತ್ತರ ಹುಡುಗ.

“ಹುಡುಗನೇ ಉಳೀತಾನೆ ಹಾಗಾದ್ರೆ.”

“ಹಾಗೇನಿಲ್ಲ. ಹುಡುಗನ ಚೆಂಡನ್ನ ಎಲ್ರೂ ಹೊಡೀತಿದಾರೆ. ಪೈಕ್ ಅಂಕಿ ಅವನಿಗಿಂತ ಚೂರು ಚೆನ್ನಾಗಿದೆ. ಚೂರೇ ಚೂರು. ಮೇಲಿಂದ ಒಬ್ಬರು ಬಂದು ನೋಡ್ತಾರೆ.” ತಲೆ ಎತ್ತಿ ನನ್ನನ್ನು ನೋಡಿದಳು. “ನೀವು ನಿಮ್ ಪಾಡಿಗೆ ಬರೀರಿ ಮೇಷ್ಟ್ರೇ. ನಾನೇನೂ ಹೇಳ್ತಿಲ್ಲ.”

ಚರಿತ್ರೆಗೆ ಎಷ್ಟು ಪುಟ ಬೇಕೆಂದು ಕೇಳುವುದೂ ಮರೆತುಹೋಯಿತು.

ಜುಲೈ 20, ಭಾನುವಾರ

ಸೆಕೆ. ಜಗಲಿಯ ದೀಪ ಉರಿಯುತ್ತಲೇ ಇರುತ್ತದೆ, ಹುಳ ಮುತ್ತುತ್ತವೆ. ದೂರದ ಊರಿನ ಪಂದ್ಯ ಮುಗಿಸಿ ತಂಡದ ಬಸ್ಸು ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲ, ಆರಿಸುವ ಹಾಗಿಲ್ಲ.

ಜುಲೈ 24, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಪೈಕ್ ಎಸೆಯುತ್ತಿದ್ದ. ಮೇಲಿನಿಂದ ಬಂದವನು ಮೂರನೇ ಸಾಲಿನಲ್ಲಿ ಹುಲ್ಲಿನ ಟೋಪಿ ಹಾಕಿ ಕೂತಿದ್ದ. ಆರು ಇನ್ನಿಂಗ್ಸ್‌ವರೆಗೆ ಎದುರಿನವರಿಗೆ ಒಂದು ರನ್ನೂ ಇಲ್ಲ. ಏಳನೆಯದರಲ್ಲಿ ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಇನ್ನೊಬ್ಬ ಔಟಾದರೆ ಮುಗಿಯಿತು. ಸೂರ್ಯ ಆಗಲೇ ಚಿಮಣಿ ಮುಟ್ಟಿದ್ದ. ಅಂಪೈರ್ ಈ ಊರಿಗೆ ಹೊಸಬ. ಬಿಡುವಿನ ವಿಷಯ ಅವನಿಗೆ ಹೇಳಿದ್ದರು. ಒಬ್ಬನೇ ಬ್ಯಾಟರ್ ತಾನೇ, ಇನ್ನಿಂಗ್ಸ್ ಮುಗಿದುಬಿಡಲಿ ಎಂದುಕೊಂಡನೇನೋ. ಕೈ ಎತ್ತಲಿಲ್ಲ. ಜನ ‘ಬಿಡುವು, ಬಿಡುವು’ ಎಂದು ಬೆಂಚು ಬಡಿದರು. ಪೈಕ್ ಎಸೆದ.

ಬ್ಯಾಟಿನ ಸದ್ದು ಗಟ್ಟಿಯಾಗಿ ಬಂತು. ಚೆಂಡು ನೆಲ ಹಿಡಿದು ಮೊದಲ ಬೇಸ್ ಕಡೆಗೆ ಹೋಯಿತು. ಅಲ್ಲಿ ಕಾಯುತ್ತಿದ್ದವನು ನಮ್ಮ ತಂಡದ ಎಲಾಡಿಯೊ ಪರೇಡೆಸ್. ಅವನನ್ನು ದಾಟಿ ಮೂಲೆಯ ಬೇಲಿಯವರೆಗೆ ಉರುಳಿತು. ಮೂವರೂ ಓಡಿ ಬಂದರು.

ಕ್ಲೀಟಸ್ ಮೈಕಿನಲ್ಲಿ, “ಹೋಯ್ತು, ಹೋಯ್ತು, ಎಲ್ಲಿಗೋ ಹೋಯ್ತು, ಯಪ್ಪಾ ಈ ಸೂರ್ಯ!” ಎನ್ನುತ್ತಿದ್ದ. ಆಮೇಲೆ ಎಲ್ಲ ತಲೆಗಳೂ ನಮ್ಮ ಗೂಡಿನ ಕಡೆ ತಿರುಗಿದವು. ಮೂರನೇ ಸಾಲಿನ ಟೋಪಿಯೂ.

ಬೆರಳೆತ್ತಿದೆ. H ದೀಪ ಹತ್ತಿತು.

ಅಷ್ಟು ಗಟ್ಟಿಯಾಗಿ ಹೊಡೆದ ಚೆಂಡು ಹಿಟ್. ಎರರ್ ಎಂದಿದ್ದರೆ ಆ ಮೂರು ರನ್ನೂ ಪೈಕ್‌ನ ಲೆಕ್ಕದಿಂದ ಹೊರಗುಳಿಯುತ್ತಿದ್ದವು, ಮತ್ತು ಅವನು ಯಾರ ಮನೆಯಲ್ಲಿ ಉಣ್ಣುತ್ತಾನೆಂಬುದು ಆ ಮೈದಾನದಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದಕ್ಕಾಗಿ ಅಲ್ಲ. ಸದ್ದು ಗಟ್ಟಿಯಾಗಿತ್ತು. ನಾನು ಕಂಡಷ್ಟು ಸಾಕಿತ್ತು.

ದೀಪ ಹತ್ತಿದ ಮೇಲೆ ಅಂಪೈರ್ ಕೈ ಎತ್ತಿದ. ಬಿಡುವಿನಲ್ಲಿ ಪೈಕ್ ನೆರಳಿಗೆ ಹೋಗಲಿಲ್ಲ. ಮೈದಾನದ ನಡುವೆಯೇ ಬೂಟಿನ ತುದಿಯಿಂದ ಮಣ್ಣು ಸರಿಮಾಡುತ್ತಾ ನಿಂತಿದ್ದ. ಗೂಡಿನ ಕಡೆ ನೋಡಲಿಲ್ಲ.

ಜುಲೈ 25, ಶುಕ್ರವಾರ

ನಿರ್ಧಾರ ಬದಲಾಯಿಸಲು ಸ್ಕೋರರ್‌ಗೆ ಒಂದು ದಿನದ ಅವಕಾಶವಿದೆ. ಬೆಳಿಗ್ಗೆ ಪೈಕ್ ಓಡಲು ಹೋಗಿದ್ದಾಗ ಬಾಗಿಲು ಬಡಿದ ಸದ್ದು. ಎಲಾಡಿಯೊ. ಬಾಗಿಲು ತುಂಬುವ ಆಳು, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ.

“ಸೆನ್ಯೋರ್, ಸಾರ್, ನಿನ್ನೆ ಚೆಂಡು, ಅದು ನಂದು. ಇಲ್ಲಿ ಬಂತು.” ಅಂಗೈ ತೋರಿಸಿದ. “ನಾನು ಬಿಟ್ಟೆ. ನನ್ ಹೆಸರಿಗೆ ಬರೀರಿ.”

ಇಷ್ಟು ವರ್ಷಗಳಲ್ಲಿ ತಮ್ಮ ಮೇಲೆ ಬಿದ್ದ ಎರರ್ ತೆಗೆಯಿರಿ ಎಂದು ಬೈದವರಿದ್ದಾರೆ, ಒಮ್ಮೆ ಒಬ್ಬ ನನ್ನ ಕಾರಿಗೆ ಸಾಸಿವೆ ಸುರಿದಿದ್ದ. ಹಾಕಿ ಎಂದು ಕೇಳಿಕೊಂಡು ಬಂದವರಿಲ್ಲ.

“ಪೈಕ್ ಕಳಿಸಿದನೇ?”

ಅವನ ಮುಖ ಬಿಗಿಯಾಯಿತು. “ಅವನಾ? ನಿಮ್ ಹತ್ರ ಬಂದೆ ಅಂತ ಗೊತ್ತಾದ್ರೆ ಹೊಡೀತಾನೆ ನಂಗೆ. ನಿಮ್ ಬಗ್ಗೆ ಯಾರಾದ್ರೂ ಒಂದ್ ಮಾತಂದ್ರೂ ಹೊಡೀತಾನೆ. ‘ಮೇಷ್ಟ್ರು ಕಂಡಿದ್ದು ಬರೀತಾರೆ, ಬಾಯ್ಮುಚ್ಚು’ ಅಂತಾನೆ.”

ನೋಡುತ್ತೇನೆ ಎಂದೆ.

ಎಲಾಡಿಯೊಗೆ ಕಾರು ಓಡಿಸಲು ಕಲಿಸಿದವನು ಪೈಕ್. ಅವನ ತಾಯಿಗೆ ಫೋನು ಮಾಡಲು ಕಾರ್ಡು ಕೊಡಿಸುವವನೂ ಪೈಕ್. ಹೀಗಿರುವಾಗ ಎಲಾಡಿಯೊನ ಸಾಕ್ಷ್ಯವನ್ನು ಏನೆಂದು ಹಿಡಿಯುವುದು? ಒಳ್ಳೆಯವರು ಸ್ನೇಹಿತನಿಗಾಗಿ ಸುಳ್ಳು ಹೇಳುತ್ತಾರೆ. ಒಳ್ಳೆಯ ಸುಳ್ಳೂ ಸುಳ್ಳೇ. ನಿರ್ಧಾರ ಕಂಡವನದ್ದಾಗಿರಬೇಕು.

ಮಧ್ಯಾಹ್ನ ಪೈಕ್ ಜೊತೆ ಊಟ. ಸೌತೆಕಾಯಿ, ಹಂದಿಮಾಂಸದ ಸ್ಯಾಂಡ್‌ವಿಚ್. ಹವಾಮಾನದ ಮಾತಾಡಿದೆವು. ನೆಬ್ರಾಸ್ಕಾದಲ್ಲಿ ಮಳೆ ಬರುವ ಮೊದಲು ಆಕಾಶ ಹಸಿರಾಗುತ್ತದಂತೆ. ಏನೋ ಹೇಳಲು ನನ್ನ ಬಾಯಿ ತೆರೆದಿತ್ತು, ಉಪ್ಪು ಕೊಡು ಎಂದೆ.

ಜುಲೈ 26, ಶನಿವಾರ

ಬದಲಾಯಿಸಲಿಲ್ಲ.

ಜುಲೈ 29, ಮಂಗಳವಾರ

ಬೆಳಿಗ್ಗೆ ಅವನನ್ನು ಮ್ಯಾನೇಜರ್ ಕರೆಸಿದರು. ಅಷ್ಟು ಬೇಗ ಕರೆಸಿದರೆಂದರೆ ಅರ್ಥ ಒಂದೇ, ತಂಡದಿಂದ ತೆಗೆದಿದ್ದಾರೆ. ಹಿಂತಿರುಗಿ ಬಂದವನು ಸೀದಾ ಮಹಡಿಗೆ ಹೋದ. ಹೋಗಿ ನೋಡಿದರೆ ಹಾಸಿಗೆಯ ಚಾದರ, ದಿಂಬಿನ ಗವಸು ಎಲ್ಲ ತೆಗೆದು ಅಂಗಡಿಯಲ್ಲಿಡುವಂತೆ ಮಡಿಸುತ್ತಿದ್ದ.

“ಬಿಡು, ನಾನು ಮಾಡ್ತೀನಿ.”

“ಆಗೋಯ್ತು.” ಮಡಿಕೆಯ ಮೇಲೆ ಕೈ ಒತ್ತಿದ. “ಅಮ್ಮಾವ್ರಿಗೆ ಹೇಳಿ, ನಾನವರನ್ನ ನೋಡ್ಲೇ ಇಲ್ಲ. ಅವರ ಪರದೆ ಬಾಗಿಲು ಸರಿಯಾಗಿದೆ ಅಂತ ಹೇಳಿ.”

ಮೊನ್ನೆ ಮತ್ತೆ ತಂದಿದ್ದ ಬುಟ್ಟಿಯಿಂದ ಒಂದು ಚೀಲ ಪೀಚ್ ತುಂಬಿ ಅವನ ಕಾರಿನೊಳಗೆ ಇಟ್ಟೆ. ಅವನು ಕೈ ಚಾಚಿದ. ಎಡಗೈ. ಮರೆತನೆಂದುಕೊಂಡೆ, ಆಮೇಲೆ ಇನ್ನು ಅದನ್ನು ಕಾಯಬೇಕಾಗಿಲ್ಲವೆಂದು ಹೊಳೆಯಿತು.

“ಬರ್ತೀನಿ ವಾರೆನ್,” ಎಂದ.

ಮನೆಯಲ್ಲಿ ಈವರೆಗೆ ಹಾಗೆ ಕರೆದಿರಲಿಲ್ಲ.

ಸಂಜೆ ಪಂದ್ಯಕ್ಕೆ ಹೋದಾಗ ಮೆಟ್ಟಿಲಲ್ಲಿ ಡಾಟ್ ಸಿಕ್ಕಳು. ನಾನು ದಾರಿ ಬಿಟ್ಟು ನಿಂತೆ, ಅವಳು ಹೋಗಲಿಲ್ಲ.

“ಎಂಥ ಚೂರು ವ್ಯತ್ಯಾಸ ಗೊತ್ತಾ ಮೇಷ್ಟ್ರೇ? ಆ ಮೂರು ರನ್ನಿಗೇ ಅಂಕಿಯಲ್ಲಿ ಹುಡುಗ ಮೇಲೆ ಬಂದ, ಪೈಕ್ ಕೆಳಗೆ ಹೋದ. ಟೋಪಿಯೋನು ಆ ಸಂಜೆ ಬಿಡುವಿನಲ್ಲೇ ಎದ್ದೋದ. ಮಿಕ್ಕಿದ್ದೆಲ್ಲ ಅಂಕಿ ನೋಡ್ಕೊಂಡು ಮಾಡಿದ್ದು.”

“ನಾನು ಕಂಡದ್ದು ಬರೆದೆ, ಡಾಟ್.”

“ನಾನೇನೂ ಹೇಳಿಲ್ವಲ್ಲ.”

ಆಗಸ್ಟ್ 3, ಭಾನುವಾರ

ಬುಟ್ಟಿಯ ತಳದಲ್ಲಿ ಉಳಿದ ಹಣ್ಣು ಕೊಳೆಯುತ್ತಿದೆ. ಎಸೆಯಬೇಕು. ವರ್ನಾಗೆ ಪೈಕ್ ಹೋದನೆಂದು ಹೇಳಿದೆ. “ನೀನು ಊಟ ಮಾಡ್ತಿದೀಯಾ?” ಎಂದಳು.

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಯಾವುದೋ ಹಾಡಿನ ಸಾಲು ಬಾಯಿಗೆ ಬರುತ್ತದೆ. ಮುಂದಿನ ಸಾಲು ನನಗೂ ಗೊತ್ತಿಲ್ಲ.

ಆಗಸ್ಟ್ 12, ಮಂಗಳವಾರ

ಜುಲೈ 24ರ ಪಂದ್ಯದ ಅಂಪೈರ್‌ಗಳ ಜೋಡಿ ಮತ್ತೆ ಊರಿಗೆ ಬಂದಿದೆ. ಪಂದ್ಯಕ್ಕೆ ಮೊದಲು ಅವರ ಕೋಣೆಗೆ ಹೋದೆ. ಸ್ಕೋರರ್ ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಬೇಸ್‌ಗಳನ್ನು ನೋಡಿಕೊಳ್ಳುವ ಅಂಪೈರ್ ಕಾಲುಚೀಲ ಹಾಕಿಕೊಳ್ಳುತ್ತಿದ್ದ.

“ಇಪ್ಪತ್ನಾಕನೇ ತಾರೀಕು, ಏಳನೇ ಇನ್ನಿಂಗ್ಸು. ಮೊದಲ ಬೇಸ್ ಕಡೆ ಹೋದ ಚೆಂಡು. ಫೀಲ್ಡರ್ ಗ್ಲೌಸಿಗೆ ತಗುಲ್ತಾ?”

ಅವನು ಒಂದು ಕಾಲಲ್ಲಿ ನಿಂತೇ ಯೋಚಿಸಿದ. “ನಾನು ಓಡೋನ ಕಾಲು ನೋಡ್ತಿದ್ದೆ ಸಾರ್. ಬೇಸ್ ತುಳಿದ್ನಾ ಅಂತ. ನಮ್ ಕೆಲ್ಸ ಅದೇ ಅಲ್ವಾ?” ಆಮೇಲೆ, “ಯಾಕೆ? ಹಿಟ್ ಅಂತ ನೀವೇ ಕೊಟ್ರಲ್ಲ?”

ಕ್ಲೀಟಸ್‌ನ ಹತ್ತಿರ ರೇಡಿಯೊ ಟೇಪಿತ್ತು. ಹಾಕಿಸಿ ಕೇಳಿದೆ. ಗಟ್ಟಿಯಾದ ಸದ್ದು, ಜನರ ಕೂಗು, ಕ್ಲೀಟಸ್ ಸೂರ್ಯನನ್ನು ಬೈಯುವುದು. ಮತ್ತೆ ಹಾಕು ಎಂದೆ.

“ಥ್ಯಾಚ್, ಟೇಪಿನೊಳಗೆ ಕಣ್ಣಿಲ್ಲ ಕಣೋ,” ಎಂದ. ತಮಾಷೆ ಮಾಡುವ ದನಿಯಲ್ಲಿ ಹೇಳಲಿಲ್ಲ. ಟೇಪು ನಿಲ್ಲಿಸಿ ಕೇಳಿದ, “ನಿಂಗೂ ಕಾಣ್ಲಿಲ್ಲ ಅಲ್ವಾ ಅವತ್ತು? ನಂಗೆ ಬರೀ ಬೆಳ್ಳಗೆ ಕಂಡಿದ್ದು, ಹಾಲು ಚೆಲ್ದಂಗೆ.”

ಹೌದು. ಬೆಳ್ಳಗೆ.

ಆಗಸ್ಟ್ 18, ಸೋಮವಾರ

ಚರಿತ್ರೆ ಮುಗಿಸಿ ಡಾಟ್‌ಗೆ ಕೊಟ್ಟೆ. ರಾತ್ರಿ ಪಾಳಿಯವರು, ಬೆಳಗಿನ ಪಂದ್ಯಗಳು, ದೀಪದ ಕಂಬ, ಒಮ್ಮೆ ಗೆದ್ದ ಕಪ್, ಪ್ರವಾಹದಲ್ಲಿ ನದಿ ಮೈದಾನಕ್ಕೆ ಬಂದು ಹೋದ ವರ್ಷ. ಅವಳು ನಿಂತೇ ಓದಿದಳು. ಕೊನೆಯ ಪ್ಯಾರಾಕ್ಕೆ ಬಂದಾಗ ಕೂತಳು.

“ಇದ್ಯಾಕೆ ಮೇಷ್ಟ್ರೇ ಇಲ್ಲಿ? ಯಾರಿಗೆ ಬೇಕು?”

“ತಂಡದ ಚರಿತ್ರೆ ಅಲ್ವಾ?”

“ನಾನವತ್ತು ಮೆಟ್ಟಿಲ ಮೇಲೆ ಅಂದಿದ್ದಕ್ಕೆ ಬರೀತಿದೀರಾ?”

“ಇಲ್ಲ.”

“ಜನ ನಗ್ತಾರೆ. ಇಷ್ಟು ವರ್ಷ ನೀವು ಬರೆದಿದ್ದನ್ನೆಲ್ಲ ಅನುಮಾನದಿಂದ ನೋಡ್ತಾರೆ.”

“ನೋಡ್ಲಿ. ಒಂದೊಂದನ್ನೂ ನೋಡ್ಲಿ.”

ಪೆನ್ಸಿಲ್ ತೆಗೆದು ಆ ಪ್ಯಾರಾದ ಮೇಲೆ ಹಿಡಿದಿದ್ದಳು. ಗೀಟು ಹಾಕಲಿಲ್ಲ. ಅದರಿಂದಲೇ ತಲೆ ಕೆರೆದುಕೊಂಡು, “ಕಾಗುಣಿತ ಮಾತ್ರ ನೋಡ್ಕೊಡಿ,” ಎಂದಳು.

ಲೀಗ್ ಕಚೇರಿಗೂ ಬರೆದು ಕೇಳಿದ್ದೆ. ಅವಧಿ ಮೀರಿದೆ ಎಂದರು. ಮೀರಿರದಿದ್ದರೂ ಯಾವುದಕ್ಕೆ ಬದಲಾಯಿಸುವುದು? ಎರರ್ ಎಂದು ಬರೆದರೆ ಅದನ್ನೂ ನಾನು ಕಂಡಿಲ್ಲ.

ಆಗಸ್ಟ್ 24, ಭಾನುವಾರ

ವರ್ನಾ ಬಂದಳು. ಚೀಲ ಇಡುವ ಮೊದಲೇ ಹಿಂಬಾಗಿಲಿಗೆ ಹೋಗಿ ಪರದೆಯ ಚೌಕಟ್ಟನ್ನು ತೆರೆದು ಮುಚ್ಚಿ ನೋಡಿದಳು. ಕಿರ್ರೆನ್ನಲಿಲ್ಲ. ಮಹಡಿಗೆ ಹೋಗಿ ಮಡಿಸಿದ ಚಾದರ ನೋಡಿ ಬಂದಳು.

“ನೀನಿದನ್ನ ಮುಟ್ಟೇ ಇಲ್ಲ.”

“ಒಗೆದದ್ದೇ ಇದೆಯಲ್ಲ.”

“ಒಗೆದಿಲ್ಲ ವಾರೆನ್, ಬರೀ ಮಡಿಸಿಟ್ಟಿದೆ. ಮೂಸಿ ನೋಡು.”

ರಾತ್ರಿಯ ಅಡುಗೆ ಅವಳೇ ಮಾಡಿದಳು. ನಾನು ಎಲ್ಲ ಹೇಳಿದೆ: ಸೂರ್ಯ, ಬೆರಳು, ಎಲಾಡಿಯೊ, ಟೇಪು. ನಾನು ಇಷ್ಟು ಉದ್ದಕ್ಕೆ ಮಾತಾಡಿದ್ದು ಯಾವಾಗಲೋ.

“ಎಲ್ರನ್ನೂ ಕೇಳಿದೀಯ,” ಎಂದಳು ಕೊನೆಗೆ. “ಅಂಪೈರು, ಕ್ಲೀಟಸ್ಸು, ಲೀಗಿನೋರು. ಅವನನ್ನ?”

“ಅವನ ಲೆಕ್ಕದ ವಿಷಯ. ಅವನನ್ನೇ ಹೇಗೆ ಕೇಳೋದು?”

“ಸುಳ್ಳು ಹೇಳ್ತಿದ್ನಾ?”

ಉತ್ತರ ಗೊತ್ತಿತ್ತು. ವರ್ನಾ ಡಾಟ್‌ನಿಂದ ಪೈಕ್‌ನ ನೆಬ್ರಾಸ್ಕಾದ ನಂಬರ್ ತೆಗೆದುಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ.

ಸೆಪ್ಟೆಂಬರ್ 1, ಸೋಮವಾರ

ಕೊನೆಯ ಪಂದ್ಯ. ಸೋತೆವು. ಇಡೀ ಬೇಸಿಗೆ ಬಾರದವರೆಲ್ಲ ಬಂದಿದ್ದರು, ಕೂರಲು ಜಾಗವಿಲ್ಲದೆ ಹುಲ್ಲಿನ ದಿಬ್ಬದ ಮೇಲೂ ಜನ. ಸೂರ್ಯನ ಬಿಡುವಿನಲ್ಲಿ ಬಿಯರ್ ತರಲು ಯಾರೂ ಏಳಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು, ಅಷ್ಟೇ. ನೀಲಿ ಗಾಜು ಕೈಯಿಂದ ಕೈಗೆ ಹೋಯಿತು. ಕ್ಲೀಟಸ್ ಮೈಕನ್ನು ಮುಚ್ಚದೆ ಸುಮ್ಮನೆ ಕೂತಿದ್ದ. ರೇಡಿಯೊ ಕೇಳುತ್ತಿದ್ದವರಿಗೆ ಅಷ್ಟು ಹೊತ್ತು ಗಾಳಿ ಮಾತ್ರ ಕೇಳಿಸಿರಬೇಕು.

ಚರಿತ್ರೆಯ ಹಾಳೆಗಳನ್ನು ಡಾಟ್ ಗೇಟಿನಲ್ಲೇ ಹಂಚಿದ್ದಳು. ಕೊನೆಯ ಪ್ಯಾರಾ ಇದ್ದ ಹಾಗೇ ಅಚ್ಚಾಗಿದೆ: ‘ಈ ವರ್ಷ ಜುಲೈ 24ರಂದು, ಏಳನೇ ಇನ್ನಿಂಗ್ಸ್‌ನಲ್ಲಿ ಮೊದಲ ಬೇಸ್ ಕಡೆಗೆ ಹೋದ ಚೆಂಡು ಹಿಟ್ ಎಂದು ದಾಖಲಾಗಿದೆ. ಸೂರ್ಯ ಎದುರಿಗಿದ್ದುದರಿಂದ ಸ್ಕೋರರ್ ಅದನ್ನು ನೋಡಿರಲಿಲ್ಲ. ಯಾರನ್ನೂ ಕೇಳದೆ ಬೆರಳೆತ್ತಿದ. ಆ ಮೂರು ರನ್ನು ಗ್ಯಾರೆಟ್ ಪೈಕ್‌ನ ಹೆಸರಿನಲ್ಲಿ ಉಳಿದಿವೆ.’

ಪಂದ್ಯ ಮುಗಿದು ಮೆಟ್ಟಿಲಿಳಿಯುತ್ತಿದ್ದೆ. ಕುಲುಮೆಯಲ್ಲಿ ದುಡಿದು ಮುಖ ಸುಕ್ಕಾದ ಮುದುಕರೊಬ್ಬರು ಹಾಳೆಯನ್ನು ಮಡಿಸಿ ಜೇಬಿಗಿಡುತ್ತಾ ದಾರಿ ಕಟ್ಟಿದರು.

“ಓದ್ದೆ. ಚೆನ್ನಾಗ್ ಬರ್ದಿದೀಯ. ಆದ್ರೆ ಕೊನೇಲಿ ಹೇಳ್ಲೇ ಇಲ್ಲ ನೀನು. ಹಿಟ್ಟಾ, ಎರರ್ರಾ?”

ಗೊತ್ತಿಲ್ಲ ಎಂದೆ.

“ಗೊತ್ತಿರೋನು ಯಾರೂ ಇಲ್ವಾ?”

ಮನೆಗೆ ಬಂದು ಫ್ರಿಜ್ ಮುಂದೆ ನಿಂತೆ. ವರ್ನಾ ದೀಪ ಆರಿಸದೆ ಮಲಗಲು ಹೋದಳು. ನಂಬರ್ ಈಗ ಬಾಯಿಪಾಠ ಬಂದಿದೆ. ನೆಬ್ರಾಸ್ಕಾ ನಮಗಿಂತ ಪಶ್ಚಿಮಕ್ಕೆ, ಈ ಹೊತ್ತಿಗೆ ಅಲ್ಲಿ ಇನ್ನೂ ಬೆಳಕಿರಬಹುದು, ಕಣಜಕ್ಕೆ ಜೋಳದ ಲಾರಿ ಬರುವ ಕಾಲ. ಫೋನನ್ನು ಕೈಗೆತ್ತಿಕೊಂಡೆ. ಒಂದೂವರೆ ತಿಂಗಳಿಗೂ ಮಿಕ್ಕಿ ಒಂದೇ ಮೇಜಿನಲ್ಲಿ ಎದುರೆದುರು ಕೂತು ಉಂಡವನನ್ನು ಮಾತಾಡಿಸಲು ಮೊದಲ ವಾಕ್ಯ ಯಾವುದೆಂದು ತಿಳಿಯದೆ ಕೆಳಗಿಟ್ಟು ಇಲ್ಲಿ ಬಂದು ಕೂತಿದ್ದೇನೆ. ಇಲ್ಲಿ ಬರೆದು ನೋಡುತ್ತೇನೆ, ಬಂದರೆ ನಾಳೆ ಹೇಳಬಹುದು.

ಚೆಂಡು ಆ ಕಡೆ ಹೋದರೆ ಪಿಚರ್ ಮೊದಲ ಬೇಸ್ ಕಾಯಲು ಓಡಬೇಕು. ನೀನು ಓಡಿದ್ದೆ. ಬೆಳಕು ನಿನ್ನ ಎಡಗೆನ್ನೆಗಿತ್ತು, ಕಣ್ಣಿಗಲ್ಲ. ಎಲಾಡಿಯೊನಿಂದ ಕೆಲವೇ ಹೆಜ್ಜೆ. ಇಡೀ ಮೈದಾನದಲ್ಲಿ ಅದನ್ನು ಸರಿಯಾಗಿ ಕಂಡವನು ನೀನೊಬ್ಬನೇ, ಮತ್ತು ಮರುದಿನ ನಾನು ನಿನ್ನನ್ನು ಉಪ್ಪು ಕೇಳಿದೆ. ಗ್ಯಾರೆಟ್, ನನಗೆ ಕಾಣಲಿಲ್ಲ. ಆ ಚೆಂಡಿಗೆ ಏನಾಯಿತು?